ಅಪ್‌ಡೇಟ್: ಅಂಬಾಸಿಡರ್‌ನ ಹೆಡ್‌ಲೈಟ್ ಈಗ ಮಂಕಾಗುವುದಿಲ್ಲ

ಅಪ್ಪನ 1489 ಸಿಸಿ ಪೆಟ್ರೋಲ್ ಅಂಬಾಸಿಡರ್‌ನಲ್ಲಿ ಹಾರ್ನ್ ಒತ್ತಿದರೆ ಹೆಡ್‌ಲೈಟ್ ಮಂಕಾಗುತ್ತದೆ, ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಓಡುವಾಗ) ಎಂಜಿನ್ ನಡುಗುತ್ತದೆ, ಏನು ಮಾಡಲಿ ಎಂದು ಈ ಹಿಂದೆ ಇಲ್ಲಿ ಕೇಳಿದ್ದೆ. ಎರಡೂ ಸರಿಹೋಗಿವೆ, ಮನೆಯ ಗ್ಯಾರೇಜಿನಲ್ಲಿಯೇ!

ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಬದಲಿಸಿ ಎಂದವರೇ ಹೆಚ್ಚು. ಆದರೆ ಅರ್ಥಿಂಗ್ (ಬ್ಯಾಟರಿಯ ಮೈನಸ್ ತುದಿಯನ್ನು ಬಾಡಿಗೂ ಎಂಜಿನ್‌ಗೂ ಸೇರಿಸುವ ಸಂಪರ್ಕ) ನೋಡಿ ಎಂದ ಹಿರಿಯರ ಮಾತೇ ನಿಜವಾಯಿತು. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಮೈನಸ್ ತುದಿಗೂ ಎಂಜಿನ್ ಬ್ಲಾಕಿಗೂ ಮಲ್ಟಿಮೀಟರ್ ಹಿಡಿದರೆ ಒಂದು ವೋಲ್ಟ್‌ಗಿಂತ ಹೆಚ್ಚು ತೋರಿಸಿತು. ಅರ್ಧ ವೋಲ್ಟ್ ಕೂಡ ದಾಟಬಾರದು. ಬೆಳಗಾವಿಯ ಮಳೆಗಾಲದ ತೇವಕ್ಕೆ ಅರ್ಥ್ ಪಟ್ಟಿ ಹಸಿರುಗಟ್ಟಿತ್ತು. ಬಾಡಿಯ ಬಣ್ಣವನ್ನು ಲೋಹ ಹೊಳೆಯುವವರೆಗೆ ಉಜ್ಜಿ ಹೊಸ ಪಟ್ಟಿ ಬಿಗಿದೆ.

ಹೆಡ್‌ಲೈಟ್‌ಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಹಾಕಿದ್ದೇನೆ. 55 ವಾಟ್‌ನ ಎರಡು ಬಲ್ಬುಗಳು 12 ವೋಲ್ಟ್‌ನಲ್ಲಿ ಒಂಬತ್ತು ಆಂಪಿಯರ್‌ಗೂ ಹೆಚ್ಚು ಎಳೆಯುತ್ತವೆ. ಅಷ್ಟನ್ನೂ ಹಳೆಯ ಸ್ವಿಚ್ಚಿನ ಮೂಲಕ ಹರಿಸುವುದು ಆ ಸ್ವಿಚ್ಚಿಗೆ ಮಾಡುವ ಅನ್ಯಾಯ. ಫ್ಯೂಸ್ ಮಾತ್ರ ಬ್ಯಾಟರಿಯ ಹತ್ತಿರವೇ ಇರಲಿ.

ಎಂಜಿನ್ ನಡುಕಕ್ಕೆ ಮೊದಲು ಪಾಯಿಂಟ್ ಗ್ಯಾಪನ್ನು (ಡಿಸ್ಟ್ರಿಬ್ಯೂಟರ್‌ನೊಳಗೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಪಾಯಿಂಟ್‌ಗಳ ನಡುವಿನ ಅಂತರ) 0.38 ಮಿ.ಮೀ.ಗೆ ತಂದೆ, ಆಮೇಲೆ ಟೈಮಿಂಗ್ (ಕಿಡಿ ಹಾರುವ ಸಮಯ), ಕೊನೆಗೆ ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬುರೇಟರ್ ಸರಿಮಾಡಿದೆ. ಗ್ಯಾಪ್ ಬದಲಾದರೆ ಟೈಮಿಂಗ್ ಕೂಡ ಸರಿಯುತ್ತದೆ, ಹಾಗಾಗಿ ಈ ಕ್ರಮ ತಪ್ಪಿಸಬೇಡಿ. ಇಂಡಿಕೇಟರ್ ವೈರಿಂಗ್ ಇನ್ನೂ ಬಾಕಿ ಇದೆ.