ಲೈನ್‌ಗೆ ಸೇರಲಾ, ಹ್ಯಾಂಗರ್‌ಗಾ? ಅನುಭವ ಇದ್ದವರು ಹೇಳಿ

ದಾವಣಗೆರೆ_ಹುಡುಗ:
ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರ್) ಕೋರ್ಸ್ ಮುಗಿಸಿದ್ದೇನೆ, ಬಿ1 (ಎಂಜಿನ್, ಬಾಡಿ ಕಡೆಯ ಲೈಸೆನ್ಸ್) ಮಾಡ್ಯೂಲ್‌ಗಳೆಲ್ಲ ಪಾಸ್. ಬೆಂಗಳೂರಲ್ಲಿ ಎರಡು ಕಡೆಯಿಂದ ಕರೆ ಬಂದಿದೆ. ಒಂದು ಲೈನ್: ವಿಮಾನ ಬಂದು ಮತ್ತೆ ಹೊರಡುವಷ್ಟರಲ್ಲಿ ಸುತ್ತ ನೋಡಿ ಪೆಟ್ಟಾಗಿದೆಯಾ ಹೇಳಬೇಕು. ಇನ್ನೊಂದು ಹ್ಯಾಂಗರ್: ವಿಮಾನವನ್ನು ಶೆಡ್ಡಿನೊಳಗೆ ನಿಲ್ಲಿಸಿ ಬಿಚ್ಚಿ ನೋಡುವ ಕೆಲಸ. ಸಂಬಳ ಹೆಚ್ಚುಕಮ್ಮಿ ಒಂದೇ. ನನಗೆ ಕನ್ನಡಕ ಇದೆ. ರಾತ್ರಿ ಪಾಳಿ ಮನೆಯವರಿಗೆ ಇಷ್ಟ ಇಲ್ಲ. ಏನು ಮಾಡಲಿ?

ರಾತ್ರಿಪಾಳಿ:
ಯೋಚನೆ ಮಾಡದೆ ಲೈನ್‌ಗೆ ಸೇರಿ. ಕಳೆದ ಮಳೆಗಾಲದಲ್ಲಿ ಒಂದು ಎ320 ವಿಮಾನ ಬಂತು, ಹಕ್ಕಿ ಬಡಿದಿತ್ತು. ಮೂತಿ ಮೇಲೆ ರಕ್ತದ ಗೆರೆ, ಅಷ್ಟೇ. ಎಂಜಿನ್ ಬಾಯಿಗೆ ಟಾರ್ಚ್ ಬಿಟ್ಟು ಫ್ಯಾನ್ ಬ್ಲೇಡ್ ಕೈಯಲ್ಲೇ ತಿರುಗಿಸುತ್ತಾ ಒಂದೊಂದನ್ನೂ ನೋಡಿದೆ. ಬ್ಲೇಡ್‌ಗೆ ಏನೂ ಆಗಿರಲಿಲ್ಲ. ಹಿಂದುಗಡೆ ಮಾತ್ರ ಪುಕ್ಕ ಅಂಟಿತ್ತು. ಕ್ಯಾಬಿನ್‌ನವರನ್ನು ಕೇಳಿದರೆ ಇಳಿಯುವಾಗ ಸುಟ್ಟ ವಾಸನೆ ಬಂತು ಅಂದರು. ಅಂದರೆ ಹಕ್ಕಿ ಕೋರ್‌ಗೆ, ಫ್ಯಾನ್ ಹಿಂದಿನ ಎಂಜಿನ್ ಒಳಭಾಗಕ್ಕೆ, ಹೋಗಿದೆ. ಬೋರೋಸ್ಕೋಪ್ (ಎಂಜಿನ್ ಒಳಗೆ ತೂರಿಸಿ ನೋಡುವ ಸಣ್ಣ ಕ್ಯಾಮೆರಾ) ಆಗದೆ ಬಿಡಲ್ಲ ಅಂದೆ. ಡ್ಯೂಟಿ ಮ್ಯಾನೇಜರ್ ಫೋನ್ ಮೇಲೆ ಫೋನ್. ನೋಡಿದರೆ ಕಂಪ್ರೆಸರ್ ಬ್ಲೇಡಿನ ಅಂಚು ಕಿತ್ತಿತ್ತು! ಆದರೂ ಡಿಲೇ ಬಿದ್ದಿದ್ದು ನಮ್ಮ ವಿಭಾಗದ ಹೆಸರಿಗೆ, ಹಕ್ಕಿ ಹೆಸರಿಗಲ್ಲ.

ಹ್ಯಾಂಗರ್_ಅಕ್ಕ:
ಕಥೆ ಚೆನ್ನಾಗಿದೆ. ನನ್ನದೂ ಕೇಳಿ. ಕೋರ್ಸ್ ಫೀಸು ₹7,40,000, ಹಾಸ್ಟೆಲ್ ಬೇರೆ, ಪರೀಕ್ಷೆ ಫೀಸು ಬೇರೆ, ಎಜುಕೇಶನ್ ಲೋನ್ ಬಡ್ಡಿ 11.5%. ಅಮ್ಮನ ಬಳೆ ಇನ್ನೂ ಬ್ಯಾಂಕಲ್ಲೇ ಇದೆ. ಲೈನ್‌ನಲ್ಲಿದ್ದಾಗ ಕಾರ್ಗೋ ಬಾಗಿಲ ಕೆಳಗೆ ನೆಗ್ಗು ಕಂಡಿತು. ಹಳೇ ನೆಗ್ಗುಗಳನ್ನೆಲ್ಲ ಬರೆದಿಡುವ ಡೆಂಟ್ ಚಾರ್ಟ್‌ನಲ್ಲಿ ಅದು ಇಲ್ಲ. ಸ್ಕೇಲ್ ಅಡ್ಡ ಇಟ್ಟು ಆಳ ಅಳೆದೆ, ಪಕ್ಕದ ಫ್ರೇಮ್‌ಗೆ (ಒಳಗಿನ ಪಕ್ಕೆಲುಬಿನಂಥ ಚೌಕಟ್ಟು) ಎಷ್ಟು ದೂರ ಅಂತ ಬರೆದುಕೊಂಡೆ. ಎಸ್‌ಆರ್‌ಎಂ (ವಿಮಾನದ ಬಾಡಿ ರಿಪೇರಿ ಕೈಪಿಡಿ) ಮಿತಿ ದಾಟಿತ್ತು. ಲಗೇಜ್ ಏರಿಸುವ ಬೆಲ್ಟ್ ಲೋಡರ್ ಗಾಡಿಯವನು "ನಾನು ಮುಟ್ಟೇ ಇಲ್ಲ" ಅಂದ. ಅವನ ರಬ್ಬರ್ ಬಂಪರಿಗೆ ವಿಮಾನದ ಬಿಳಿ ಬಣ್ಣ ಹತ್ತಿತ್ತು! "ಹಳೇದು ಅಂತ ಬರೆದುಬಿಡಿ" ಅಂತ ಮೇಲಿನವರು. ಬರೆಯಲಿಲ್ಲ. ಆಮೇಲೆ ರೋಸ್ಟರ್ ತುಂಬ ರಾತ್ರಿ ಪಾಳಿಯೇ. 2005ರಲ್ಲಿ ಸಿಯಾಟಲ್‌ನಲ್ಲಿ ವಿಮಾನಕ್ಕೆ ಗಾಡಿ ತಾಗಿಸಿದವನು ಯಾರಿಗೂ ಹೇಳದೆ ಸುಮ್ನಿದ್ದ. ಅಲಾಸ್ಕಾ ಏರ್‌ಲೈನ್ಸ್‌ನ ಆ ಎಂಡಿ-83 ವಿಮಾನ ಸುಮಾರು 26,000 ಅಡಿಯಲ್ಲಿ ಮೈ ಒಡೆದು ಕ್ಯಾಬಿನ್ ಗಾಳಿ ಕಳೆದುಕೊಂಡಿತು. ಹೇಗೋ ವಾಪಸ್ ಇಳಿಸಿದರು. ನಾನು ಹ್ಯಾಂಗರ್‌ಗೆ ಬಂದೆ. ಇಲ್ಲಿ ಪ್ಯಾನೆಲ್ ಬಿಚ್ಚಿ ನೋಡಲು ಟೈಮ್ ಕೊಡುತ್ತಾರೆ.

ರಾತ್ರಿಪಾಳಿ:
ಓಡಿಹೋಗಿದ್ದಕ್ಕೆ ಇಷ್ಟು ದೊಡ್ಡ ಕಾರಣವಾ ಮೇಡಂ?

ಬಜ್ಪೆಯವ:
ಇಬ್ಬರೂ ಲೋಹದ್ದೇ ಮಾತಾಡುತ್ತಿದ್ದೀರಿ. ಲೋಹ ನೆಗ್ಗಿದರೆ ಕುರುಡನಿಗೂ ಸಿಗುತ್ತೆ. ಕಾಂಪೋಸಿಟ್ (ನಾರು, ಅಂಟು ಪದರ ಪದರವಾಗಿ ಸೇರಿಸಿ ಮಾಡಿದ್ದು) ಹೊರಗೆ ನುಣ್ಣಗಿರುತ್ತೆ, ಒಳಗೆ ಪದರ ಬಿಟ್ಟಿರುತ್ತೆ. ನಾಣ್ಯದಲ್ಲಿ ತಟ್ಟುತ್ತಾ ಹೋಗಬೇಕು. ಟಕ್ ಟಕ್ ಅನ್ನುತ್ತಿದ್ದದ್ದು ಒಂದು ಕಡೆ ಡಬ್ ಅಂದರೆ ಮುಗೀತು. ಸಿಡಿಲು ಬಡಿದ ವಿಮಾನ ಇನ್ನೂ ಕಷ್ಟ. ಮೂತಿಯಿಂದ ಬಾಲದವರೆಗೆ ರಿವೆಟ್ ತಲೆ ಕರಗಿದೆಯಾ, ರೆಕ್ಕೆ ತುದಿಯ ಸ್ಟ್ಯಾಟಿಕ್ ವಿಕ್ (ಮೈಮೇಲಿನ ವಿದ್ಯುತ್ ಗಾಳಿಗೆ ಬಿಡುವ ಕಡ್ಡಿ) ಎಷ್ಟು ಸುಟ್ಟಿದೆ ನೋಡಬೇಕು. ಆಷಾಢದ ಮಳೆಯಲ್ಲಿ ಏಣಿ ಮೇಲೆ ನಿಂತು ನೋಡಿ, ಆಗ ಗೊತ್ತಾಗುತ್ತೆ. ರೇನ್‌ಕೋಟ್ ಸ್ವಂತ ದುಡ್ಡಲ್ಲಿ, ₹2,300.

ಕಾಕ್‌ಪಿಟ್_ಕಾಫಿ:
ಪೈಲಟ್‌ಗಳೂ ಪ್ರತಿ ಹಾರಾಟಕ್ಕೆ ಮುಂಚೆ ಒಂದು ಸುತ್ತು ಹಾಕುತ್ತೇವೆ, ಮರೀಬೇಡಿ. 1996ರಲ್ಲಿ ಲಿಮಾದಲ್ಲಿ ಏರೋಪೆರು ವಿಮಾನ ತೊಳೆದು ಸ್ಟ್ಯಾಟಿಕ್ ಪೋರ್ಟ್ (ಎತ್ತರ, ವೇಗ ತಿಳಿಯಲು ಗಾಳಿಯ ಒತ್ತಡ ಅಳೆಯುವ ತೂತು) ಮೇಲೆ ಟೇಪ್ ಬಿಟ್ಟವರು ನಿಮ್ಮವರು. ಎಷ್ಟು ಎತ್ತರದಲ್ಲಿದ್ದೇವೆ ಅಂತಲೇ ಗೊತ್ತಾಗದೆ ಸಮುದ್ರಕ್ಕೆ ಬಿದ್ದು 70 ಜನ ಹೋದರು.

ಹ್ಯಾಂಗರ್_ಅಕ್ಕ:
ಆ ಟೇಪ್ ಸುತ್ತು ಹಾಕಿದ ಪೈಲಟ್‌ಗೂ ಕಾಣಲಿಲ್ಲ ಸಾರ್. ಅದನ್ನೂ ಹೇಳಿ.

ದಾವಣಗೆರೆ_ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಕನ್ನಡಕದ ವಿಷಯ...

ರಾತ್ರಿಪಾಳಿ:
ತಮ್ಮಾ, ಮೊದಲು ಒಳ್ಳೆ ಟಾರ್ಚ್ ತಗೋ. ನನ್ನದು ₹4,200.

ಬಜ್ಪೆಯವ:
₹4,200 ಟಾರ್ಚ್ ಷೋಕಿ. ನನ್ನದು ₹900, ಬ್ರೇಕ್ ಎಷ್ಟು ಸವೆದಿದೆ ಅಂತ ತೋರಿಸುವ ಪಿನ್ ಅದರಲ್ಲೂ ಕಾಣುತ್ತೆ. ಆ ದುಡ್ಡು ರೂಮ್ ಬಾಡಿಗೆಗೆ ಇಟ್ಟುಕೋ.

ರಾತ್ರಿಪಾಳಿ:
ಬ್ರೇಕ್ ಪಿನ್ ಕಾಣುತ್ತೆ, ಟೈರಿನ ಸೀಳು ಕಾಣಲ್ಲ. ರೂಮ್ ಅಂದರೆ ದೇವನಹಳ್ಳಿ ಕಡೆ ನೋಡು, ₹8,500ಕ್ಕೆ ಸಿಗುತ್ತೆ.

ಹ್ಯಾಂಗರ್_ಅಕ್ಕ:
ನೀರು ಬರುತ್ತಾ ಅಲ್ಲಿ?

ರಾತ್ರಿಪಾಳಿ:
ಟ್ಯಾಂಕರ್ ದುಡ್ಡು ಬೇರೆ.