ಉಪಗ್ರಹದ ಚಿಪ್‌ಗೆ ಸೀಸದ ಡಬ್ಬಿ ಸಾಕಲ್ವಾ?

ಪ್ರಶ್ನೆ (ವಿಜ್ಞಾನ ಶಿಕ್ಷಕಿ, ಬಂಗಾರಪೇಟೆ):
ನಮಸ್ಕಾರ ಸರ್. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ನಿನ್ನೆ ಕೇಳಿದ: "ಮೇಡಂ, ಎಕ್ಸ್‌ರೇ ರೂಮಿಗೆ ಸೀಸದ ತಗಡು ಹೊಡೀತಾರೆ. ಉಪಗ್ರಹದ ಚಿಪ್‌ಗೂ ಸೀಸದ ಡಬ್ಬಿ ಮಾಡಿದ್ರೆ ಮುಗೀತಲ್ವಾ? ವಿಕಿರಣ ತಡ್ಕೊಳ್ಳೋ ಚಿಪ್ ಅಂತ ಬೇರೆ ಯಾಕೆ ಮಾಡ್ತಾರೆ?" ನನಗೆ ಉತ್ತರ ಹೊಳೆಯಲಿಲ್ಲ. ಸೋಮವಾರ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.

ಉತ್ತರ (ಚಿಪ್ ವಿನ್ಯಾಸದ ಇಂಜಿನಿಯರ್, ಕೋಲಾರ):
ಮೇಡಂ, ಎಷ್ಟು ಒಳ್ಳೆಯ ಪ್ರಶ್ನೆ! ಉತ್ತರಕ್ಕೆ ನಮ್ಮ ಜಿಲ್ಲೆ ಬಿಟ್ಟು ಹೋಗಬೇಕಾಗಿಲ್ಲ. ಕೆಜಿಎಫ್‌ನಲ್ಲಿ ಚಿನ್ನ ತೆಗೆಯುತ್ತಿದ್ದ ಕಾಲದಲ್ಲೇ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ವಿಜ್ಞಾನಿಗಳೂ ಗಣಿಗೆ ಇಳಿಯುತ್ತಿದ್ದರು. ಬಂಡೆಯನ್ನೂ ತೂರಿ ಹೋಗುವ ನ್ಯೂಟ್ರಿನೋ ಎಂಬ ಕಣ ಹುಡುಕಲು ಅವರಿಗೆ ಕಾಸ್ಮಿಕ್ ಕಿರಣಗಳ, ಅಂದರೆ ಬಾಹ್ಯಾಕಾಶದಿಂದ ಬರುವ ವೇಗದ ಕಣಗಳ, ಕಾಟ ಇಲ್ಲದ ಜಾಗ ಬೇಕಿತ್ತು. ಸೀಸದ ಗೋಡೆ ಕಟ್ಟಿದರೆ ಸಾಲುತ್ತಿರಲಿಲ್ಲ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ ಅವರಿಗೆ ನ್ಯೂಟ್ರಿನೋದ ಗುರುತು ಸಿಕ್ಕಿದಾಗ ತಲೆಯ ಮೇಲೆ ಸುಮಾರು 2.3 ಕಿ.ಮೀ. ಬಂಡೆ ಇತ್ತು. ಅಷ್ಟು ಕೆಳಗೆ ಹೋದರೆ ಮಾತ್ರ ಕಾಟ ಕಡಿಮೆ. ಗಣಿಯೊಳಗೆ ನುಗ್ಗುವುದು, ಕಾಸ್ಮಿಕ್ ಕಿರಣ ಬಡಿದು ವಾತಾವರಣದಲ್ಲಿ ಹುಟ್ಟುವ ಮ್ಯೂಯಾನ್ ಎಂಬ ಕಣಗಳು. ಉಪಗ್ರಹಕ್ಕೆ ಆ ವಾತಾವರಣದ ರಕ್ಷಣೆಯೂ ಇಲ್ಲ, ಮೂಲ ಕಣಗಳೇ ನೇರವಾಗಿ ಬಡಿಯುತ್ತವೆ.

ಎಕ್ಸ್‌ರೇ ಶಕ್ತಿ ಸಾವಿರಗಳ ಲೆಕ್ಕದ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿ ಅಳೆಯುವ ಮಾನ). ಕಾಸ್ಮಿಕ್ ಕಣದ್ದು ನೂರಾರು ಕೋಟಿ. ತೆಳು ಸೀಸಕ್ಕೆ ಅದು ಬಡಿದರೆ ಸೀಸದ ಪರಮಾಣು ಬೀಜವೇ ಒಡೆದು ಇನ್ನಷ್ಟು ಕಣಗಳು ಚಿಮ್ಮುತ್ತವೆ. ಒಂದು ಕಲ್ಲು ತಡೆಯಲು ಹೋಗಿ ಹತ್ತು ಚೂರು ಮೈಮೇಲೆ ಬಿದ್ದ ಹಾಗೆ. ಹಾಗಂತ ಕವಚ ಬೇಡವೇ ಬೇಡ ಅಂತಲ್ಲ. ಗುರುಗ್ರಹದ ಸುತ್ತ ಎಲೆಕ್ಟ್ರಾನ್‌ಗಳ ಹಾವಳಿ ಜಾಸ್ತಿ. ಅದಕ್ಕೆ ನಾಸಾದ ಜೂನೋ ನೌಕೆಯ ಕಂಪ್ಯೂಟರ್‌ಗಳನ್ನು ಸುಮಾರು 1 ಸೆಂ.ಮೀ. ದಪ್ಪದ ಟೈಟಾನಿಯಂ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಆದರೂ ಒಳಗಿನ ಚಿಪ್‌ಗಳು ಗಟ್ಟಿಯವೇ ಆಗಿರಬೇಕು.

ಚಿಪ್‌ಗೆ ಪೆಟ್ಟು ಎರಡು ಥರ. ಒಂದು ನಿಧಾನದ್ದು. ಟ್ರಾನ್ಸಿಸ್ಟರ್ ಅಂದರೆ ಚಿಪ್‌ನ ಪುಟ್ಟ ಸ್ವಿಚ್. ಅದರ ಒಳಗೆ ಗಾಜಿನಂಥ ಸಿಲಿಕಾನ್ ಆಕ್ಸೈಡ್ ಪದರ ಇರುತ್ತದೆ. ವಿಕಿರಣ ಬಿದ್ದಾಗೆಲ್ಲ ಅಲ್ಲಿ ಚೂರುಚೂರೇ ಧನ ವಿದ್ಯುದಂಶ ಸಿಕ್ಕಿಕೊಳ್ಳುತ್ತದೆ. ವರ್ಷಗಳು ಕಳೆದ ಮೇಲೆ, ಆಫ್ ಮಾಡಿದರೂ ಟ್ರಾನ್ಸಿಸ್ಟರ್ ಸೋರಲು ಶುರುಮಾಡುತ್ತದೆ, ವಾಷರ್ ಸವೆದ ನಲ್ಲಿಯ ಹಾಗೆ. ಈ ಸೋರಿಕೆ ಹೆಚ್ಚಾಗಿ ಅಂಚುಗಳಲ್ಲಿ. ಅದಕ್ಕೆ ನಾವು ಟ್ರಾನ್ಸಿಸ್ಟರ್ ಆನ್, ಆಫ್ ಮಾಡುವ ಭಾಗವಾದ ಗೇಟನ್ನು ಉಂಗುರದ ಆಕಾರದಲ್ಲಿ ಬರೆಯುತ್ತೇವೆ. ಉಂಗುರಕ್ಕೆ ಅಂಚೇ ಇಲ್ಲ, ಸೋರುವ ದಾರಿಯೂ ಇಲ್ಲ! ಜಾಗ ಜಾಸ್ತಿ ಹಿಡಿಯುತ್ತದೆ, ನಿಜ. ಆದರೂ ನನಗೆ ಇಡೀ ವಿದ್ಯೆಯಲ್ಲಿ ತುಂಬಾ ಇಷ್ಟವಾದ ಉಪಾಯ ಇದು.

ಇನ್ನೊಂದು ದಿಢೀರ್ ಪೆಟ್ಟು. ಒಂದೇ ಒಂದು ಭಾರದ ಕಣ ಹಾದುಹೋದರೂ ಮೆಮೊರಿಯ 0 ಹೋಗಿ 1 ಆಗಬಹುದು. ಇನ್ನೂ ಕೆಟ್ಟದ್ದೆಂದರೆ ಲ್ಯಾಚ್‌ಅಪ್. ಸಪ್ಲೈಯಿಂದ ಗ್ರೌಂಡಿಗೆ ನೇರ ದಾರಿ ತೆರೆದುಕೊಂಡು ಕರೆಂಟ್ ನುಗ್ಗುತ್ತದೆ. ತಕ್ಷಣ ಪವರ್ ತೆಗೆಯದಿದ್ದರೆ ಚಿಪ್ ಸುಟ್ಟೇ ಹೋಗಬಹುದು. ಇದಕ್ಕೆ ಟ್ರಾನ್ಸಿಸ್ಟರ್‌ಗಳನ್ನು ನಿರೋಧಕ ಪದರದ ಮೇಲೆ ಕೂರಿಸುತ್ತಾರೆ. ಆಗ ಆ ದಾರಿಯೇ ಮುಚ್ಚಿಹೋಗುತ್ತದೆ.

ಪ್ರಶ್ನೆ (ಡಿಪ್ಲೊಮಾ ವಿದ್ಯಾರ್ಥಿ, ಕೆಜಿಎಫ್):
ಅಣ್ಣ, ನಮ್ಮ ತಾತ ಗಣಿಯಲ್ಲಿ ದುಡಿದವರು. ಇದನ್ನು ಓದಿ ಹೇಳಿದೆ, ತುಂಬಾ ಖುಷಿಪಟ್ಟರು. ನೆಲದ ಮೇಲಿರುವ ನಮ್ಮ ಕಂಪ್ಯೂಟರ್‌ಗಳಿಗೂ ಹೀಗೆ ಆಗುತ್ತಾ?

ಉತ್ತರ:
ತಾತನಿಗೆ ನನ್ನ ನಮಸ್ಕಾರ ಹೇಳಪ್ಪ. ಹೌದು, ಅಪರೂಪಕ್ಕೆ ಆಗುತ್ತದೆ. 2003ರಲ್ಲಿ ಬೆಲ್ಜಿಯಂನ ಸ್ಕಾರ್‌ಬೀಕ್‌ನಲ್ಲಿ ಎಲೆಕ್ಟ್ರಾನಿಕ್ ಮತ ಎಣಿಕೆಯಲ್ಲಿ ಒಬ್ಬ ಅಭ್ಯರ್ಥಿಗೆ 4096 ಮತ ಹೆಚ್ಚಾಗಿ ಬಂತು. ಹನ್ನೆರಡು ಎರಡುಗಳನ್ನು ಒಂದಕ್ಕೊಂದು ಗುಣಿಸಿ ನೋಡು (2×2×2… ಹೀಗೆ), ಸರಿಯಾಗಿ 4096. ಅಂದರೆ ಒಂದೇ ಒಂದು ಬಿಟ್ (ಮೆಮೊರಿಯ ಒಂದು 0 ಅಥವಾ 1) ತಿರುಗಿತ್ತು. ಸಾಫ್ಟ್‌ವೇರ್‌ನಲ್ಲಿ ತಪ್ಪು ಸಿಗಲಿಲ್ಲ. ಕಾಸ್ಮಿಕ್ ಕಣವೇ ಇರಬೇಕು ಎಂದು ಊಹಿಸಿದರು. ಅದಕ್ಕೂ ಮೊದಲು, 1970ರ ದಶಕದ ಕೊನೆಯಲ್ಲಿ, ಇಂಟೆಲ್‌ನವರ ಮೆಮೊರಿ ಚಿಪ್‌ಗಳಲ್ಲಿ ಬಿಟ್‌ಗಳು ತಾವಾಗಿಯೇ ತಿರುಗುತ್ತಿದ್ದವು. ಹುಡುಕಿದರೆ ಚಿಪ್‌ನ ಸೆರಾಮಿಕ್ ಹೊದಿಕೆಯಲ್ಲೇ ಯುರೇನಿಯಂ, ಥೋರಿಯಂ ಕುರುಹು ಇತ್ತು. ಹೊರಗಿನ ಶತ್ರುವೇ ಬೇಕಾಗಿಲ್ಲ, ನೋಡು.

ಪ್ರಶ್ನೆ (ಶಿಕ್ಷಕಿ):
ಸರ್, ಬಿಟ್ ತಿರುಗಿಯೇ ತಿರುಗುತ್ತದೆ ಅಂದರೆ ನೌಕೆ ಹೇಗೆ ಬದುಕುತ್ತದೆ? ಮಕ್ಕಳಿಗೆ ತೋರಿಸುವ ಹಾಗೆ ಏನಾದರೂ ಇದೆಯಾ?

ಉತ್ತರ:
ಇದೆ ಮೇಡಂ. ಮುಖ್ಯ ವಿಷಯವೇ ಇದು. ಪೆಟ್ಟು ಬೀಳದ ಚಿಪ್ ಮಾಡಲು ಆಗುವುದಿಲ್ಲ. ಪೆಟ್ಟು ಬಿದ್ದರೂ ತಪ್ಪು ಹೇಳದ ಚಿಪ್ ಮಾಡಬಹುದು. ಒಂದೇ ಲೆಕ್ಕವನ್ನು ಮೂರು ಕಡೆ ಮಾಡಿಸಿ, ಇಬ್ಬರು ಒಪ್ಪಿದ್ದನ್ನು ತೆಗೆದುಕೊಳ್ಳುತ್ತೇವೆ.

ಮೂವರು ಮಕ್ಕಳನ್ನು ಬೋರ್ಡಿನ ಮುಂದೆ ನಿಲ್ಲಿಸಿ, ಎಂಟು ಅಂಕಿಯ 0, 1 ಸಾಲನ್ನು ಹೇಳಿ ಬರೆಸಿ. ನಾಲ್ಕನೆಯವನು 'ಕಾಸ್ಮಿಕ್ ಕಿರಣ'. ಒಬ್ಬರ ಸಾಲಿನಲ್ಲಿ ಒಂದು ಅಂಕಿ ಅಳಿಸಿ ಬದಲಿಸಲಿ. ಐದನೆಯವಳು ಮೂರೂ ಸಾಲು ನೋಡಿ ಸರಿಯಾದದ್ದನ್ನು ಓದಲಿ, ತಪ್ಪಿದ್ದನ್ನು ತಿದ್ದಲಿ. ಆಮೇಲೆ ತಿದ್ದಲು ಬಿಡದೆ, ಇನ್ನೊಬ್ಬರ ಸಾಲಿನಲ್ಲೂ ಅದೇ ಜಾಗದ ಅಂಕಿ ಬದಲಿಸಿ ನೋಡಿ. ಈಗ ತಪ್ಪೇ ಗೆಲ್ಲುತ್ತದೆ! ಅದಕ್ಕೇ ನೌಕೆಯ ಮೆಮೊರಿಯನ್ನು ಸದಾ ಓದಿ ತಿದ್ದುತ್ತಲೇ ಇರುತ್ತಾರೆ, ಎರಡನೇ ಪೆಟ್ಟು ಬೀಳುವ ಮೊದಲೇ.

ನಿಮ್ಮ ಹುಡುಗ "ಓದುವವಳಿಗೇ ಕಣ ಹೊಡೆದರೆ?" ಅಂತ ಕೇಳೇ ಕೇಳುತ್ತಾನೆ. ಓದುವವರನ್ನೂ ಮೂವರು ಇಡುತ್ತೇವೆ ಅಂತ ಹೇಳಿ.