ಎಕ್ಸ್86ನಲ್ಲಿ ಬಿಲ್ಡ್ ಆಗುತ್ತೆ, ಸ್ಪಾರ್ಕ್‌ನಲ್ಲಿ ಆಗಲ್ಲ: ಕರ್ನಲ್ ಹೆಡರ್ ಬಗ್ಗೆ ನಿಮ್ಮ ಅನುಭವ ಹೇಳಿ

ಹೊಸ_ಡ್ರೈವರ್: ಎಲ್ಲರಿಗೂ ನಮಸ್ಕಾರ. ಒಂದು ಎಸ್‌ಪಿಐ ಕಂಟ್ರೋಲರ್‌ಗೆ ಲಿನಕ್ಸ್ ಡ್ರೈವರ್ ಬರೆದಿದ್ದೇನೆ. ಎಕ್ಸ್86, ಆರ್ಮ್64 ಎರಡೂ ಬಗೆಯ ಪ್ರೊಸೆಸರ್‌ಗೆ ಬಿಲ್ಡ್ ಆಗುತ್ತೆ. ಪ್ಯಾಚ್ ಕಳಿಸಿದ ಮೇಲೆ ಬಂದ ಪ್ಯಾಚ್‌ಗಳನ್ನು ತಾನೇ ಬಿಲ್ಡ್ ಮಾಡಿ ನೋಡುವ ಟೆಸ್ಟ್ ರೋಬಾಟ್ ಮೇಲ್ ಹಾಕಿದೆ, ಸ್ಪಾರ್ಕ್ ಪ್ರೊಸೆಸರ್‌ನಲ್ಲಿ ರೀಡ್‌ಎಲ್ (ಡಿವೈಸ್ ರಿಜಿಸ್ಟರ್ ಓದುವ ಫಂಕ್ಷನ್) ಅಂದ್ರೆ ಏನು ಅಂತಲೇ ಗೊತ್ತಿಲ್ಲವಂತೆ. ಬೇಕಾದ ಹೆಡರ್‌ಗಳನ್ನು (ಫಂಕ್ಷನ್‌ಗಳ ಡಿಕ್ಲರೇಶನ್ ಇರುವ .ಎಚ್ ಫೈಲ್‌ಗಳನ್ನು) ಪ್ರತಿ ಫೈಲ್‌ನಲ್ಲೂ ಒಂದೊಂದಾಗಿ ಹಾಕಬೇಕಾ, ಅಥವಾ ಒಂದು ಕಾಮನ್ ಹೆಡರ್ ಮಾಡಿ ಅದರಲ್ಲೇ ಎಲ್ಲ ತುಂಬಬಹುದಾ?

ಹಳೇ_ಪವರ್‌ಪಿಸಿ: ಈ ಏಟು ನಾನು ತಿಂದಿದ್ದೇನೆ ಸ್ವಾಮಿ. 2010ರಲ್ಲಿ ಕರ್ನಲ್ ಡೆವಲಪರ್ ಟೆಜುನ್ ಹಿಯೊ ಪರ್‌ಸಿಪಿಯು.ಎಚ್ ಒಳಗಿದ್ದ ಸ್ಲ್ಯಾಬ್.ಎಚ್ (ಮೆಮೊರಿ ಕೇಳುವ ಫಂಕ್ಷನ್‌ಗಳ ಹೆಡರ್) ಇನ್‌ಕ್ಲೂಡ್ ಕಿತ್ತು ಹಾಕಲು ಹೊರಟರು. ಟ್ರೀ, ಅಂದ್ರೆ ಕರ್ನಲ್‌ನ ಮುಖ್ಯ ಸೋರ್ಸ್, ಒಳಗಿನ ಸಾವಿರಾರು ಫೈಲ್‌ಗಳಿಗೆ ಸ್ಕ್ರಿಪ್ಟ್ ಓಡಿಸಿ ಸರಿ ಮಾಡಿದರು. ನಮ್ಮದು ಟ್ರೀ ಹೊರಗಿನ ಡ್ರೈವರ್, ನಮ್ಮನ್ನು ಯಾರು ಕೇಳ್ತಾರೆ? ಮೆಮೊರಿ ಕೇಳುವ ಕೆಜೆಡ್‌ಅಲಾಕ್ ಇಲ್ಲ ಅಂತ ಎರರ್. ಅದನ್ನು ಸರಿ ಮಾಡಿದರೆ ಇನ್ನೊಂದು ಫೈಲ್‌ನಲ್ಲಿ ಜಿಎಫ್‌ಪಿ_ಕರ್ನಲ್ ಅನ್ನೋ ಫ್ಲ್ಯಾಗ್ ಇಲ್ಲ. ಅದೂ ಪವರ್‌ಪಿಸಿ ಬೋರ್ಡ್‌ಗೆ ಮಾತ್ರ, ಟೇಬಲ್ ಮೇಲಿದ್ದ ಎಕ್ಸ್86 ಮೆಷೀನ್‌ನಲ್ಲಿ ಎಲ್ಲ ನೀಟು, ಯಾಕಂದ್ರೆ ಅಲ್ಲಿ ಅದೇ ಹೆಡರ್ ಬೇರೆ ಯಾವುದೋ ಸಂದಿಯಿಂದ ನುಸುಳಿ ಬರುತ್ತಿತ್ತು. ಹಳೇ ಕರ್ನಲ್ ಕಸ್ಟಮರ್‌ಗೊಂದು, ಹೊಸ ಕರ್ನಲ್ ಕಸ್ಟಮರ್‌ಗೊಂದು ಅಂತ ಎರಡು ಬ್ರಾಂಚ್ ಸಾಕಬೇಕಾಯಿತು. ಡೆಮೊ ಮುಂದಕ್ಕೆ ಹೋಯಿತು, ಬೋನಸ್ ಅದರ ಹಿಂದೆಯೇ ಹೋಯಿತು. ತಂಗಿ ನಿಶ್ಚಿತಾರ್ಥದ ದಿನ ನಾನು ಕ್ಯಾಂಟೀನ್ ಉಪ್ಪಿಟ್ಟು ತಿನ್ನುತ್ತಾ ಮೇಕ್ ಹೊಡೀತಾ ಕೂತಿದ್ದೆ. ಡಿಕ್ಲೇರ್ ಆಗದ ಫಂಕ್ಷನ್ ಕರೆದರೆ ಕರ್ನಲ್ ಮೇಕ್‌ಫೈಲ್ ಎರರ್ ಅಂತ ನಿಲ್ಲಿಸುತ್ತಲ್ಲ, ಅದೇ ಪುಣ್ಯ. ಬರೀ ವಾರ್ನಿಂಗ್ ಕೊಟ್ಟು ಬಿಟ್ಟಿದ್ದರೆ ಕಂಪೈಲರ್ ಆ ಫಂಕ್ಷನ್ 32 ಬಿಟ್ ಇಂಟ್ ಕೊಡುತ್ತೆ ಅಂದುಕೊಂಡು 64 ಬಿಟ್ ಪಾಯಿಂಟರ್‌ನ ಮೇಲಿನ ಅರ್ಧ ಹಾರಿಸಿಬಿಡೋದು. ಕಾಮನ್ ಹೆಡರ್ ಕಡೆ ತಲೆ ಹಾಕಿಯೂ ಮಲಗಬೇಡಿ.

ಬೋರ್ಡ್_ಬ್ರಿಂಗಪ್: ಒಪ್ಪಲ್ಲ. ನಮ್ಮ ಟೀಮ್‌ನಲ್ಲಿ ಕಾಮನ್ ಹೆಡರ್ ಇದೆ, ಮಾಡಿದ್ದು ನಾನೇ. 2024ರಲ್ಲಿ ಕರ್ನಲ್ 6.10 ಬಂದಾಗ ಎಎಸ್‌ಎಂ-ಜೆನೆರಿಕ್/ಐಒ.ಎಚ್ ಒಳಗಿಂದ ವಿಮ್ಯಾಲಾಕ್.ಎಚ್ ತೆಗೆದರು. ಪಕ್ಕದ ಟೀಮ್‌ನವರು ಪ್ರತಿ ಫೈಲ್ ತೆಗೆದು ತೆಗೆದು ನೋಡುತ್ತಿದ್ದರು. ನಾನು ಒಂದು ಸಾಲು ಸೇರಿಸಿ ಟೀ ಕುಡಿಯಲು ಹೋದೆ. 6.12ರಲ್ಲಿ ಎಎಸ್‌ಎಂ/ಅನ್‌ಅಲೈನ್ಡ್.ಎಚ್ ಲಿನಕ್ಸ್/ ಡೈರೆಕ್ಟರಿ ಕೆಳಗೆ ಹೋದಾಗಲೂ ಅಷ್ಟೇ, ವರ್ಷನ್ ನೋಡೋ ಒಂದು ಇಫ್ ಹಾಕಿದೆ, ಮುಗೀತು. ಎಲ್ಲರ ಹೊಟ್ಟೆಪಾಡೂ ಅಪ್‌ಸ್ಟ್ರೀಮ್‌ನಲ್ಲೇ (ಮುಖ್ಯ ಕರ್ನಲ್‌ನಲ್ಲೇ) ನಡೆಯುತ್ತೆ ಅಂದ್ಕೊಂಡಿದ್ದೀರಾ ಸಾರ್?

ಹಳೇ_ಪವರ್‌ಪಿಸಿ: ಪ್ರಶ್ನೆ ಕೇಳಿದವರು ಪ್ಯಾಚ್ ಕಳಿಸಿದ್ದು ಅಪ್‌ಸ್ಟ್ರೀಮ್‌ಗೇ ಅಲ್ವಾ? ಕಳಿಸುವ ಮುಂಚಿನ ಚೆಕ್‌ಲಿಸ್ಟ್‌ನಲ್ಲೇ ಇದೆ: ನೀನು ಬಳಸುವುದು ಯಾವ ಹೆಡರ್‌ನಲ್ಲಿದೆಯೋ ಅದನ್ನು ನೀನೇ ಇನ್‌ಕ್ಲೂಡ್ ಮಾಡು, ಬೇರೆಯದು ಎಳೆದುಕೊಂಡು ಬರುತ್ತೆ ಅಂತ ನಂಬಬೇಡ. ಮೊದಲು ಅದನ್ನು ಓದಿ, ಆಮೇಲೆ ಟೀ ಕುಡೀರಿ.

ಬಿಲ್ಡ್_ಕಾಯುವವ: ಇಬ್ಬರೂ ಬಿಲ್ಡ್ ಟೈಮ್ ಬಗ್ಗೆ ಮಾತೇ ಆಡ್ತಿಲ್ಲ. ಇಂಥದ್ದೇ ಒಂದು ಕಾಮನ್ ಹೆಡರ್ ನಮ್ಮಲ್ಲೂ ಇತ್ತು. ಅದರಲ್ಲಿ ಒಂದು ಕಾಮೆಂಟ್ ತಿದ್ದಿದರೂ ಇಡೀ ಡೈರೆಕ್ಟರಿ ಮತ್ತೆ ಕಂಪೈಲ್, ಅದೂ ಆರ್ಮ್, ಆರ್ಮ್64, ಮಿಪ್ಸ್ ಎಲ್ಲಕ್ಕೂ. ಲ್ಯಾಪ್‌ಟಾಪ್ ಫ್ಯಾನ್ ಸದ್ದಿಗೆ ಮಗು ಏಳುತ್ತಿತ್ತು. ಕೊನೆಗೆ ಕೈಯಿಂದ ದುಡ್ಡು ಹಾಕಿ ಒಂದು ಹಳೇ ಸರ್ವರ್ ತಂದೆ, ಕರೆಂಟ್ ಬಿಲ್ ನೋಡಿ ಹೆಂಡತಿ ಮಾತು ಬಿಟ್ಟಳು. 2022ರ ಜನವರಿಯಲ್ಲಿ ಕರ್ನಲ್ ಡೆವಲಪರ್ ಇಂಗೊ ಮೋಲ್ನಾರ್ 2,200ಕ್ಕೂ ಜಾಸ್ತಿ ಪ್ಯಾಚ್‌ಗಳ ಸೀರೀಸ್ ತಂದದ್ದು ಇದೇ ಹೆಡರ್ ಜಂಜಾಟ ಬಿಡಿಸೋಕೆ.

ಬೋರ್ಡ್_ಬ್ರಿಂಗಪ್: ಹಾಗೇ ಇಡಿಯಾಗಿ ಮರ್ಜ್ ಆಯಿತಾ ಅದು? ಇಲ್ವಲ್ಲ. ಸುಮ್ನೆ ಹೆಸರು ಹೇಳಿ ಹೆದರಿಸಬೇಡಿ.

ಬಿಎಸ್‌ಡಿ_ಅಭಿಮಾನಿ: ಫ್ರೀಬಿಎಸ್‌ಡಿ ಅನ್ನೋ ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ನಲ್ಲಿ ಈ ಗೋಳು ಕಡಿಮೆ. ಸಿಸ್/ ಹೆಡರ್ ಮೊದಲು, ಆದಷ್ಟು ಅಕ್ಷರ ಕ್ರಮದಲ್ಲಿ. ಸಿಸ್/ಪ್ಯಾರಮ್.ಎಚ್ ಹಾಕಿದರೆ ಸಿಸ್/ಟೈಪ್ಸ್.ಎಚ್ ಅದರೊಳಗೇ ಬರುತ್ತೆ, ಎರಡನ್ನೂ ಹಾಕಬೇಡಿ ಅಂತ ಸ್ಟೈಲ್ ಪುಟದಲ್ಲೇ ಬರೆದಿದೆ.

ಹಳೇ_ಪವರ್‌ಪಿಸಿ: ಅಂದ್ರೆ ಒಂದು ಇನ್ನೊಂದನ್ನು ಎಳೆದು ತರುತ್ತೆ ಅಂತ ನಂಬು ಅನ್ನೋದೇ ನಿಮ್ಮ ರೂಲು! ಚೆನ್ನಾಗಿದೆ.

ಬಿಎಸ್‌ಡಿ_ಅಭಿಮಾನಿ: ಬರೆದಿಟ್ಟ ನಂಬಿಕೆ ಬೇರೆ, ಕದ್ದು ನುಸುಳೋದು ಬೇರೆ. ನಿಮ್ಮ ಲಿನಕ್ಸ್‌ನವರು ಅಕ್ಷರ ಕ್ರಮ ಬೇಕೋ ಬೇಡವೋ ಅಂತಲೇ ಸಬ್‌ಸಿಸ್ಟಮ್‌ಗೊಂದು ಮಾತು ಹೇಳ್ತಾರಲ್ಲ ಮಾರಾಯ್ರೆ.

ಹೊಸ_ಡ್ರೈವರ್: ಸಾರ್, ಲಿನಕ್ಸ್/ಐಒ.ಎಚ್ ಸೇರಿಸಿದೆ, ಸ್ಪಾರ್ಕ್ ಸರಿ ಹೋಯಿತು. ಮೊದಲು ಎಎಸ್‌ಎಂ/ಐಒ.ಎಚ್ ಹಾಕಿದ್ದೆ, ಪ್ಯಾಚ್ ತಪ್ಪು ಹುಡುಕುವ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಬೈದಿದ್ದಕ್ಕೆ ಬದಲಾಯಿಸಿದೆ. ಈಗ ರೋಬಾಟ್ ಎಸ್390ನಲ್ಲಿ (ಐಬಿಎಂ ಮೇನ್‌ಫ್ರೇಮ್) ಡೆವ್‌ಎಂ_ಐಒರೀಮ್ಯಾಪ್ ಫಂಕ್ಷನ್ ಲಿಂಕ್ ಆಗ್ತಿಲ್ಲ ಅಂತಿದೆ. ಇದಕ್ಕೆ ಯಾವ ಹೆಡರ್?

ಬಿಲ್ಡ್_ಕಾಯುವವ: ಯಾವ ಹೆಡರೂ ಅಲ್ಲ. ಪಿಸಿಐ ಆಫ್ ಇದ್ದರೆ ಎಸ್390ನಲ್ಲಿ ಐಒಮೆಮ್, ಅಂದ್ರೆ ಮೆಮೊರಿ ವಿಳಾಸದ ಮೂಲಕ ಡಿವೈಸ್ ಮುಟ್ಟುವ ಸೌಲಭ್ಯ, ಇರಲ್ಲ. ಬಿಲ್ಡ್ ಆಯ್ಕೆಗಳ ಕೆಕಾನ್ಫಿಗ್ ಫೈಲ್‌ನಲ್ಲಿ ಹ್ಯಾಸ್_ಐಒಮೆಮ್ ಮೇಲೆ ಡಿಪೆಂಡ್ಸ್ ಹಾಕಿ.

ಹಳೇ_ಪವರ್‌ಪಿಸಿ: ಬೋರ್ಡ್ ಸಾಹೇಬರೇ, ಇದನ್ನೂ ಕಾಮನ್ ಹೆಡರ್‌ಗೆ ತುಂಬ್ತೀರಾ?

ಬೋರ್ಡ್_ಬ್ರಿಂಗಪ್: ನಮ್ಮ ಬೋರ್ಡ್ ಎಸ್390 ಮೇಲೆ ಓಡಲ್ಲ. ನಿಮ್ಮ ಪವರ್‌ಪಿಸಿ ಬೋರ್ಡ್ ಈಗ ಎಲ್ಲಿ ಓಡ್ತಿದೆ, ಅದನ್ನು ಹೇಳಿ.